ಬುಲೆಟ್ ಕ್ರ್ಯಾಂಕ್: ಗುಜರಿಯದು, ಡಬ್ಬದ್ದು, ಮನೆಯದು

ಮೊದಲೇ ಹೇಳಿಬಿಡುತ್ತೇನೆ. ಹಳೆಯ ಬುಲೆಟ್ ಇಂಜಿನ್ ಬಿಚ್ಚಿಸಿದ್ದೀರಾ? ಕ್ರ್ಯಾಂಕ್, ಅಂದರೆ ಪಿಸ್ಟನ್ನಿನ ಮೇಲೆ ಕೆಳಗಿನ ಓಟವನ್ನು ತಿರುಗಾಟ ಮಾಡುವ ಭಾಗ, ಹೋಗಿದೆ ಅಂದರಾ? ಆ ಕ್ರ್ಯಾಂಕಿನ ಎಣ್ಣೆ ಮೆತ್ತಿದ ಭಾರದ ಚಕ್ರಗಳನ್ನು, ಫ್ಲೈವೀಲ್‌ಗಳನ್ನು, ಮನೆಗೆ ತಂದು ಮಂಚದ ಕೆಳಗೆ ಇಟ್ಟುಕೊಳ್ಳಿ. ಯಾರು ಕೇಳಿದರೂ ಕೊಡಬೇಡಿ. ನಾನು ಗುಜರಿಯದು ತಂದು ನೋಡಿದೆ, ಹೊಸದು ತಂದು ನೋಡಿದೆ, ಕೊನೆಗೆ ಅದೇ ಹಳೆಯದನ್ನು ಕಟ್ಟಿಸಿದೆ. ಮೇಸ್ತ್ರಿ ಮೊದಲ ದಿನವೇ ಹಾಗೆ ಹೇಳಿದ್ದರು. ಕೇಳಲಿಲ್ಲ.

ಗಾಡಿ ನಮ್ಮ ದೊಡ್ಡಪ್ಪನದು. 1984ರ 350 ಸ್ಟ್ಯಾಂಡರ್ಡ್, ಬೀಡಿನ (ಎರಕದ ಕಬ್ಬಿಣದ) ಸಿಲಿಂಡರಿನದು. ಏರಿನಲ್ಲಿ ಮೂರನೇ ಗೇರಿನಲ್ಲಿ ಎಳೆಸಿದರೆ ಕೆಳಗಿನಿಂದ ಟೊಕ್ ಟೊಕ್ ಅನ್ನುತ್ತಿತ್ತು. ಬಿಚ್ಚಿದಾಗ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡನ್ನು ಮೇಸ್ತ್ರಿ ನನ್ನ ಕೈಗೇ ಕೊಟ್ಟರು. ಅಕ್ಕಪಕ್ಕಕ್ಕೆ ಸ್ವಲ್ಪ ಆಡಬೇಕು, ಅದು ಸರಿ. ಮೇಲೆ ಕೆಳಗೆ ಕೂದಲೆಳೆಯಷ್ಟೂ ಆಡಬಾರದು. ನಮ್ಮದು ಕಣ್ಣಿಗೆ ಕಾಣುವಷ್ಟು ಆಡುತ್ತಿತ್ತು.

"ಇದನ್ನೇ ಕಟ್ಟೋಣ ಸಾರ್, ಹದಿನೈದು ದಿನ ಕೊಡಿ" ಅಂದರು. ನನಗೆ ಅಷ್ಟು ತಾಳ್ಮೆ ಎಲ್ಲಿ? ಬೇರೆ ಕ್ರ್ಯಾಂಕ್ ಹುಡುಕಿಕೊಂಡು ಶನಿವಾರ ಬೆಳಗ್ಗೆ ತುಮಕೂರಿನಿಂದ ಬೆಂಗಳೂರು ಬಸ್ ಹತ್ತಿದೆ. ಜೆ.ಸಿ. ರಸ್ತೆ, ಆಮೇಲೆ ಶಿವಾಜಿನಗರ.

ಹೋಗುವಾಗ ಹಳೆಯ ಕ್ರ್ಯಾಂಕ್ ಭಾರ ಅಂತ ಬಿಟ್ಟು ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಂಡು ಹೋದೆ. ಎಡವಟ್ಟು ಶುರುವಾದದ್ದೇ ಇಲ್ಲಿ. ಫೋಟೊ ತೆಗೆದದ್ದು ಫ್ಲೈವೀಲ್‌ಗೆ ನೇರ ಎದುರಿಗೆ ನಿಂತು. ಫ್ಲೈವೀಲ್ ನಡುವಿನಿಂದ ಹೊರಗೆ ಬಂದ ಶಾಫ್ಟು ಕ್ಯಾಮೆರಾ ಕಡೆಗೇ ಚಾಚಿಕೊಂಡಿದೆ. ಅದು ಗೇಣುದ್ದ ಇದೆಯೋ ಬೆರಳುದ್ದ ಇದೆಯೋ ಆ ಫೋಟೊದಲ್ಲಿ ಬ್ರಹ್ಮನಿಗೂ ಗೊತ್ತಾಗಲ್ಲ.

ಗುಜರಿ ಅಂಗಡಿಯಲ್ಲಿ ಒಂದು ಕ್ರ್ಯಾಂಕ್ ಸಿಕ್ಕಿತು. ರಾಡ್ ಗಟ್ಟಿ ಇತ್ತು, ಆಟ ಇಲ್ಲ. 2,800 ರೂಪಾಯಿ. "350ದೇ ತಾನೆ?" ಅಂದೆ. "ಬುಲೆಟ್‌ದು ಎಲ್ಲಾ ಒಂದೇ ಸಾರ್, ಐವತ್ತು ವರ್ಷದಿಂದ ಅದೇ ಗಾಡಿ" ಅಂದ. ಅವನ ಮಾತು ಪೂರ್ತಿ ಸುಳ್ಳಲ್ಲ. 1955ರಿಂದ ಮದರಾಸಿನಲ್ಲಿ ಕಟ್ಟಿಕೊಂಡು ಬಂದ ಗಾಡಿ, ಹೊರಗಿನಿಂದ ನೋಡಿದರೆ ಅಜ್ಜನದೂ ಮೊಮ್ಮಗನದೂ ಒಂದೇ ಥರ. ಹಾಗಾಗಿಯೇ ಎಲ್ಲರೂ ಬೀಳುತ್ತಾರೆ.

ನಾನು ಬುದ್ಧಿವಂತ ಅಂದುಕೊಂಡು ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲಿಂದ ಕೆಳಗೆ ಓಡುವ ದೂರ, ಅಳೆದೆ. 90 ಮಿ.ಮೀ. ಸರಿಯಾಗಿ ಬಂತು. ಬರದೇ ಏನು? ಬೀಡಿನ ಇಂಜಿನ್ 350ದೂ 70 ಬೋರ್ (ಸಿಲಿಂಡರಿನ ಒಳಗಲ), 90 ಸ್ಟ್ರೋಕ್. ಆಮೇಲೆ ಬಂದ ಅಲ್ಯೂಮಿನಿಯಂ ಸಿಲಿಂಡರಿನ ಎವಿಎಲ್ ಅನ್ನುವ ಇಂಜಿನ್ 350ದೂ ಅದೇ. ಅದರ ನಂತರದ, ಇಂಜಿನ್ನೂ ಗೇರ್‌ಬಾಕ್ಸೂ ಒಂದೇ ಕೇಸಿನಲ್ಲಿರುವ ಯುಸಿಇ 350ದೂ ಅದೇ. ಹಳೆಯ 500 ಕೂಡ 84 ಬೋರ್, 90 ಸ್ಟ್ರೋಕ್. ಒಂದರ ಕ್ರ್ಯಾಂಕ್ ಇನ್ನೊಂದಕ್ಕೆ ಅಂತ ಕಣ್ಣು ಮುಚ್ಚಿ ತರುವ ಹಾಗಿಲ್ಲ. ಆದರೆ ಟೇಪು ಹಿಡಿದರೆ ಎಲ್ಲವೂ 90 ಅನ್ನುತ್ತವೆ. 500ರದು ಪಿಸ್ಟನ್ ಭಾರ, ಅದಕ್ಕೆ ತಕ್ಕ ಬ್ಯಾಲೆನ್ಸೇ ಬೇರೆ. ಸ್ಟ್ರೋಕ್ ಅಳೆದು ಕ್ರ್ಯಾಂಕ್ ಗುರುತು ಹಿಡಿಯೋದು ಚಪ್ಪಲಿ ಸೈಜ್ ನೋಡಿ ಮನುಷ್ಯನನ್ನು ಹುಡುಕಿದ ಹಾಗೆ.

ಇಂಜಿನ್ ನಂಬರನ್ನೂ ನಂಬಬೇಡಿ. ಅದು ಇರೋದು ಕ್ರ್ಯಾಂಕ್‌ಕೇಸಿನ ಮೇಲೆ. ಒಳಗಿನ ಕ್ರ್ಯಾಂಕನ್ನು ಮೂವತ್ತು ವರ್ಷದಲ್ಲಿ ಯಾರು ಯಾವಾಗ ಬದಲಾಯಿಸಿದರೋ ಅದಕ್ಕೆ ಗೊತ್ತಿಲ್ಲ.

ಸೋಮವಾರ ಮೇಸ್ತ್ರಿ ಎಡಗಡೆ ಶಾಫ್ಟಿಗೆ ಚೈನು ಓಡಿಸುವ ಹಲ್ಲಿನ ಚಕ್ರ, ಸ್ಪ್ರಾಕೆಟ್, ಹಾಕಿದರು. ಸುಮ್ನೆ ಕೂತಿತು. ಅದರ ಹೊರಗೆ ಕರೆಂಟ್ ಕೊಡುವ ಆಲ್ಟರ್ನೇಟರಿನ ಮ್ಯಾಗ್ನೆಟ್ ಕೂರಬೇಕು, ಕೀ ಹಾಕಿ, ಮೇಲೆ ನಟ್ ಬಿಗಿ ಮಾಡಬೇಕು. ಮ್ಯಾಗ್ನೆಟ್ ಹಿಡಿದುಕೊಂಡು ಒಂದು ಕ್ಷಣ ನಿಂತರು. ಕೂರಿಸೋಕೆ ಶಾಫ್ಟೇ ಇಲ್ಲ! ನಮ್ಮ ಹಳೆಯದನ್ನು ಪಕ್ಕದಲ್ಲಿ ಮಲಗಿಸಿದರು. ಗುಜರಿಯದು ಎರಡು ಬೆರಳಗಲ ಗಿಡ್ಡ.

ಆಗ ಅರ್ಥವಾಯಿತು. ತೀರಾ ಹಳೆಯ ಬುಲೆಟ್‌ಗಳಲ್ಲಿ ಎಡಗಡೆ ಆಲ್ಟರ್ನೇಟರ್ ಇರಲಿಲ್ಲ. ಕಿಡಿಗೂ ಲೈಟಿಗೂ ಸಿಲಿಂಡರ್ ಹಿಂದೆ ಕೂತ ಮ್ಯಾಗ್‌ಡೈನಮೊ ಕರೆಂಟ್ ಕೊಡುತ್ತಿತ್ತು. ಅದನ್ನು ತಿರುಗಿಸುತ್ತಿದ್ದದ್ದು ಬಲಗಡೆಯ ಟೈಮಿಂಗ್ ಗೇರುಗಳು. ಎಡಗಡೆ ಶಾಫ್ಟಿನ ಕೆಲಸ ಸ್ಪ್ರಾಕೆಟ್‌ಗೇ ಮುಗಿಯುತ್ತಿತ್ತು. ಉದ್ದ ಯಾಕೆ ಬೇಕು? ನಾನು ತಂದದ್ದು ಅಂಥ ಇಂಜಿನ್ನಿನ ಕ್ರ್ಯಾಂಕ್. ಅದರ ಮಟ್ಟಿಗೆ ಒಳ್ಳೆಯ ಮಾಲೇ. ನನ್ನ ಗಾಡಿಗಲ್ಲ ಅಷ್ಟೆ.

ಶಾಫ್ಟ್ ಬದಲಿಸಬಹುದಲ್ವಾ ಅಂತ ಕೇಳಿದೆ. ಬದಲಿಸಬಹುದು. ಆದರೆ ಫ್ಲೈವೀಲ್ ಬಿಚ್ಚಬೇಕು, ಮತ್ತೆ ಸೇರಿಸಿ ಓಟ, ಅಂದರೆ ತಿರುಗುವಾಗ ಎಷ್ಟು ವಾಲುತ್ತದೆ ಅನ್ನೋದು, ನೋಡಬೇಕು. ಅಷ್ಟು ಮಾಡುವುದಾದರೆ ನಮ್ಮದನ್ನೇ ಕಟ್ಟಿದರೆ ಆಯಿತಲ್ಲ. ಪಕ್ಕದ ಲೇತ್‌ನವರು ತುದಿಗೆ ಒಂದು ತುಂಡು ವೆಲ್ಡ್ ಮಾಡಿ ಕೊಡುತ್ತೇನೆ ಅಂದರು. ಐನೂರು ರೂಪಾಯಿ ಸಾಕಂತೆ. ಮೇಸ್ತ್ರಿ ನನ್ನ ಮುಖ ನೋಡಿದರು, ನಾನು ಮೇಸ್ತ್ರಿ ಮುಖ ನೋಡಿದೆ. ಅಂಗಡಿಯವನಿಗೆ ಫೋನ್ ಮಾಡಿದರೆ "ನೋಡಿಕೊಂಡೇ ತಗೊಂಡ್ರಲ್ಲ ಸಾರ್" ಅಂದ. ನಿಜ, ನೋಡಿಕೊಂಡೇ ತಗೊಂಡಿದ್ದೆ.

ಅದೇ ಕ್ರ್ಯಾಂಕಿನ ಬಲಗಡೆ ತುದಿಯಲ್ಲಿ ಇನ್ನೊಂದು ತೊಂದರೆ ಇತ್ತು. ಆಯಿಲ್ ಪಂಪ್ ತಿರುಗಿಸುವ ವರ್ಮ್ (ಸ್ಕ್ರೂ ಥರದ ಗೇರು) ಅಲ್ಲೇ ಕೂರೋದು, ಅದರದು ಉಲ್ಟಾ ಥ್ರೆಡ್. ಬಿಚ್ಚಬೇಕಾದರೆ ಬಿಗಿ ಮಾಡುವ ಹಾಗೆ ತಿರುಗಿಸಬೇಕು. ಗೊತ್ತಿಲ್ಲದವರು ಸಾಮಾನ್ಯ ನಟ್ ಅಂದುಕೊಂಡು ಪೈಪ್ ಸೇರಿಸಿ ಎಳೆಯುತ್ತಾರೆ. ನಾನು ತಂದದ್ದರಲ್ಲಿ ಮೊದಲ ಎರಡು ಸುತ್ತು ಥ್ರೆಡ್ ಹಲ್ಲು ಉದುರಿದ ಹಾಗೆ ಇತ್ತು. ಬಿಗ್ ಎಂಡ್‌ಗೆ, ಅಂದರೆ ರಾಡಿನ ಕೆಳತುದಿಗೆ, ಎಣ್ಣೆ ಹೋಗೋದೂ ಇದೇ ಶಾಫ್ಟಿನ ಒಳಗಿಂದ. ಟೈಮಿಂಗ್ ಕವರಿನಲ್ಲಿ ಒಂದು ಚಿಕ್ಕ ಕಾರ್ಕ್ ಸೀಲ್ ಕೂತು ಆ ಎಣ್ಣೆ ಸೋರದ ಹಾಗೆ ನೋಡಿಕೊಳ್ಳುತ್ತದೆ. ಇಂಜಿನ್ ಬಿಚ್ಚಿದಾಗ ಅದನ್ನು ಬದಲಿಸದೆ ಮುಚ್ಚಬೇಡಿ. ಪುಡಿಗಾಸಿನ ಸಾಮಾನು, ಅದು ಕೆಟ್ಟರೆ ಎಷ್ಟು ದುಬಾರಿ ಕ್ರ್ಯಾಂಕ್ ಹಾಕಿಯೂ ದಂಡ.

ಎರಡನೆಯದು ಹೊಸ ಡಬ್ಬದ್ದು. ಪೂರ್ತಿ ಕಟ್ಟಿದ ಕ್ರ್ಯಾಂಕ್, 9,500 ಕೊಟ್ಟೆ. ಈ ಸಲ ದಾರದಲ್ಲಿ ನಮ್ಮ ಶಾಫ್ಟಿನ ಉದ್ದಕ್ಕೆ ಗಂಟು ಹಾಕಿಕೊಂಡು ಹೋಗಿದ್ದೆ. ಹಳೆಯ ಮ್ಯಾಗ್ನೆಟ್ ನಟ್ಟನ್ನೂ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಉದ್ದ ಸರಿ ಇತ್ತು, ನಟ್ಟೂ ಹೋಯಿತು. ಗೆದ್ದೆ ಅಂದುಕೊಂಡು ಬಂದೆ. ಮೇಸ್ತ್ರಿ ಎರಡು ತುದಿ ಸೆಂಟರಿಗೆ ಹಾಕಿ, ಸಣ್ಣ ವಾಲನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ಇಟ್ಟು ಕೈಯಿಂದ ನಿಧಾನ ತಿರುಗಿಸಿದರು. ಮುಳ್ಳು ಅತ್ತಿಂದಿತ್ತ ಹನ್ನೆರಡು ಗೆರೆ ಓಡಿತು, ಅಂದರೆ 0.12 ಮಿ.ಮೀ. ಅವರ ಲೆಕ್ಕದಲ್ಲಿ ಐದು ಗೆರೆ ದಾಟಿದರೆ ಇಂಜಿನ್ನಿಗೆ ಹಾಕುವ ಮಾತೇ ಇಲ್ಲ. ಎಣ್ಣೆ ತೂತಿಗೆ ಗಾಳಿ ಹೊಡೆದರೆ ಕಬ್ಬಿಣದ ಸಣ್ಣ ಸುರುಳಿ ಹೊರಗೆ ಬಂತು. ಅಂಗಡಿಯವರು ಒಳ್ಳೆಯವರು, ಗೊಣಗಿಕೊಂಡೇ ವಾಪಸ್ ತಗೊಂಡರು. ಎಲ್ಲಾ ಹೊಸವೂ ಹೀಗೇ ಅಂತ ನಾನು ಹೇಳಲ್ಲ. ಡಬ್ಬದಿಂದ ತೆಗೆದು ನೇರ ಇಂಜಿನ್ನಿಗೆ ಹಾಕಬೇಡಿ ಅಂತ ಮಾತ್ರ ಹೇಳುತ್ತೇನೆ.

ಹಾಗೆ ಮೂರು ವಾರ ಕಳೆದು ಮಂಚದ ಕೆಳಗಿನದು ಹೊರಗೆ ಬಂತು.

ನಮ್ಮದೇ ಫ್ಲೈವೀಲ್, ನಮ್ಮದೇ ಶಾಫ್ಟು. ಉದ್ದದ ಚಿಂತೆ ಇಲ್ಲ, ಥ್ರೆಡ್ಡಿನ ಚಿಂತೆ ಇಲ್ಲ, ಬ್ಯಾಲೆನ್ಸ್ ದೊಡ್ಡಪ್ಪನ ಕಾಲದಿಂದ ಇದ್ದದ್ದೇ. ರಾಡು, ಅದು ಕೂರುವ ಪಿನ್ನು ಮಾತ್ರ ಹೊಸದು. ಅಲ್ಲಿ ಒಂದು ಆಯ್ಕೆ ಬಂತು. ಹಳೆಯ ಬುಲೆಟ್‌ನಲ್ಲಿ ರಾಡಿಗೂ ಪಿನ್ನಿಗೂ ನಡುವೆ ಫ್ಲೋಟಿಂಗ್ ಬುಷ್ ಇರುತ್ತದೆ. ಯಾವುದಕ್ಕೂ ಅಂಟಿಕೊಳ್ಳದ ಬಳೆ. ಒಳಗಿನ ಪಿನ್ನಿನ ಮೇಲೂ ಜಾರುತ್ತದೆ, ಹೊರಗಿನ ರಾಡಿನೊಳಗೂ ಜಾರುತ್ತದೆ. ಅದರ ಬದಲು ಸೂಜಿ ರೋಲರ್ ಬೇರಿಂಗಿನ ಕಿಟ್ ಕೂಡ ಸಿಗುತ್ತದೆ. ಕಟ್ಟಿದ ಕ್ರ್ಯಾಂಕ್ ನೋಡಿ ಒಳಗೆ ಯಾವುದಿದೆ ಅಂತ ಹೇಳೋದು ಕಷ್ಟ. ಮೇಸ್ತ್ರಿ ಪೆಟ್ರೋಲಿನಲ್ಲಿ ತೊಳೆದು ಒಣಗಿಸಿ ರಾಡನ್ನು ಕಿವಿ ಹತ್ತಿರ ಹಿಡಿದು ತಿರುಗಿಸುತ್ತಾರೆ. ರೋಲರ್ ಆದರೆ ಮರಳು ಉಜ್ಜಿದ ಹಾಗೆ ಸಣ್ಣ ಸದ್ದು. ಬುಷ್ ಆದರೆ ಸದ್ದಿಲ್ಲ, ಸ್ವಲ್ಪ ಹಿಡಿದ ಹಾಗೆ ತಿರುಗುತ್ತದೆ.

ರೋಲರ್ ಕಡಿಮೆ ಎಣ್ಣೆಯಲ್ಲೂ ಬದುಕುತ್ತದೆ, ಜಾಸ್ತಿ ಸ್ಪೀಡಿಗೂ ಒಳ್ಳೆಯದು. ಬುಷ್‌ಗೆ ಎಣ್ಣೆ ತಪ್ಪಬಾರದು. ಹೈವೇಯಲ್ಲಿ ಗಂಟೆಗಟ್ಟಲೆ ಓಡಿಸುವವರಾದರೆ ರೋಲರ್ ಹಾಕಿಸಿ. ನನ್ನದು ಭಾನುವಾರದ ಗಾಡಿ. ಸಿದ್ಧಗಂಗೆ, ದೇವರಾಯನದುರ್ಗ, ತಪ್ಪಿದರೆ ಅತ್ತೆ ಮನೆ. ಅರವತ್ತು ದಾಟಲ್ಲ. ಸ್ಟಾರ್ಟ್ ಮಾಡಿ ಎರಡು ನಿಮಿಷ ಸುಮ್ಮನೆ ಬಿಟ್ಟು ಆಮೇಲೆ ಹೊರಡುವ ಅಭ್ಯಾಸ ಮೊದಲಿಂದ ಇದೆ. ಅದಕ್ಕೆ ಬುಷ್ ಹಾಕಿಸಿದೆ. ಇನ್ನೊಂದು ಕಾರಣ, ಬುಷ್ ಕೂರಿಸುವ ಕೈ ನಮ್ಮ ಮೇಸ್ತ್ರಿಯದು. ಬಿಗಿಯಾದರೆ ಬಿಸಿಯಲ್ಲಿ ಹಿಡಿದುಕೊಳ್ಳುತ್ತದೆ, ಸಡಿಲವಾದರೆ ಮತ್ತೆ ಟೊಕ್ ಟೊಕ್. ಅಂಥ ಕೈ ನಿಮ್ಮ ಊರಿನಲ್ಲಿ ಇಲ್ಲದಿದ್ದರೆ ಆಗಲೂ ರೋಲರ್ರೇ ಸರಿ.

ಕಟ್ಟಿದ ಮೇಲೆ ತಾಮ್ರದ ಸುತ್ತಿಗೆಯಲ್ಲಿ ಫ್ಲೈವೀಲ್ ಅಂಚಿಗೆ ಒಂದೊಂದೇ ಏಟು ಕೊಡುತ್ತಾ, ಮತ್ತೆ ಡಯಲ್ ನೋಡುತ್ತಾ, ಒಂದು ಮಧ್ಯಾಹ್ನ ಪೂರ್ತಿ ಕೂತರು. ಮುಳ್ಳು ಮೂರು ಗೆರೆಗೆ ಬಂದು ನಿಂತಿತು. "ಇನ್ನು ಹೊಡೆದರೆ ನನ್ನ ಅಹಂಕಾರ" ಅಂತ ಸುತ್ತಿಗೆ ಕೆಳಗಿಟ್ಟರು. ಕಿಟ್ 3,200, ಕೂಲಿ 2,000. ಮೇನ್ ಬೇರಿಂಗ್ ಹೇಗಿದ್ದರೂ ಹಾಕಿಸಲೇಬೇಕಿತ್ತು, ಅದು ಬೇರೆ ಲೆಕ್ಕ.

ಒಂದು ವರ್ಷವಾಯಿತು, ಸದ್ದಿಲ್ಲ.

ಗುಜರಿಯ ಗಿಡ್ಡ ಕ್ರ್ಯಾಂಕ್ ಇನ್ನೂ ನಮ್ಮ ಹಿತ್ತಲ ಬಾಗಿಲಿಗೆ ಒತ್ತು ಕೊಟ್ಟುಕೊಂಡು ಕೂತಿದೆ. ಮ್ಯಾಗ್‌ಡೈನಮೊ ಇರುವ ಬುಲೆಟ್ ಇಟ್ಟುಕೊಂಡವರು ಯಾರಾದರೂ ಇದ್ದರೆ 2,800ಕ್ಕೇ ಕೊಡುತ್ತೇನೆ. ಬರುವಾಗ ನಿಮ್ಮ ಹಳೆಯ ಕ್ರ್ಯಾಂಕ್ ತನ್ನಿ, ಫೋಟೊ ಬೇಡ.