ಕರೆಂಟ್ ಹೋದರೂ ಉಕ್ಕದ ಸಂಪ್: ಐದು ಅಡಿ ರೀಫ್ ಟ್ಯಾಂಕಿನ ಕೆಳಗೆ ಮೂರು ವರ್ಷ

ನಮ್ಮ ಮನೆಯ ರೀಫ್ ಟ್ಯಾಂಕ್ (ಹವಳ, ಮೀನು ಇರುವ ಉಪ್ಪುನೀರಿನ ಅಕ್ವೇರಿಯಂ) ಐದು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರ. ಅದರ ಕೆಳಗೆ ಸ್ಟ್ಯಾಂಡಿನೊಳಗೆ ನಾನೇ ಗಾಜು ಕತ್ತರಿಸಿ ತಂದು ಅಂಟಿಸಿದ ಸಂಪ್ ಇದೆ, ಅಂದರೆ ಮೇಲಿನ ನೀರು ಇಳಿದು ಬಂದು ಶುದ್ಧವಾಗುವ, ರಿಟರ್ನ್ ಪಂಪ್ ಅದನ್ನು ಮತ್ತೆ ಮೇಲೆ ಕಳಿಸುವ ಗಾಜಿನ ಪೆಟ್ಟಿಗೆ. ನಾಲ್ಕು ಅಡಿ ಉದ್ದ, ಅಗಲ ಮತ್ತು ಎತ್ತರ ಒಂದೂವರೆ ಅಡಿ. ಮೂರು ವರ್ಷದ ಮೇಲಾಯಿತು, ಹಗಲೂ ರಾತ್ರಿ ಓಡುತ್ತಿದೆ. ಬೆಂಗಳೂರಿನ ಎಲ್ಲ ನಮೂನೆಯ ಪವರ್ ಕಟ್ ನೋಡಿದೆ. ನೆಲದ ಮೇಲೆ ನೀರು ಹರಿದಿಲ್ಲ. ಸಂಪ್‌ಗೆ ನಾನು ಅಂಕ ಕೊಡುವುದು ಮೊದಲು ಅದಕ್ಕೇ.

ಸಂಪ್‌ನ ನಕ್ಷೆ ಬರೆಯುವಾಗ ಪಂಪ್ ಓಡುತ್ತಿರುವಾಗಿನ ನೀರಿನ ಮಟ್ಟವನ್ನೇ ಎಲ್ಲರೂ ಗುರುತು ಮಾಡುತ್ತಾರೆ. ನಾನು ಪಂಪ್ ನಿಂತಾಗಿನ ಮಟ್ಟದಿಂದ ಶುರುಮಾಡಿದೆ. ಕರೆಂಟ್ ಹೋದ ತಕ್ಷಣ ಓವರ್‌ಫ್ಲೋ ಪೆಟ್ಟಿಗೆಯ (ಮೇಲಿನ ಟ್ಯಾಂಕಿನಿಂದ ನೀರು ಕೆಳಗಿಳಿಯುವ ಜಾಗ) ಹಲ್ಲುಗಳಿಗಿಂತ ಮೇಲಿರುವ ನೀರೆಲ್ಲ ಕೆಳಗಿಳಿಯುತ್ತದೆ. ಪೈಪಿನಲ್ಲಿದ್ದದ್ದೂ ಬರುತ್ತದೆ. ರಿಟರ್ನ್ ಪೈಪಿನ ಬಾಯಿ ನೀರಿನಲ್ಲಿ ಮುಳುಗಿದ್ದರೆ, ಬಾಯಿ ತೆರೆದುಕೊಳ್ಳುವವರೆಗೂ ಅದು ಸೈಫನ್ ಆಗಿ ನೀರೆಳೆಯುತ್ತದೆ. ಮೇಲಿನ ಟ್ಯಾಂಕ್ ಹತ್ತು ಚದರ ಅಡಿ, ಅಲ್ಲಿ ಒಂದು ಇಂಚು ಇಳಿದರೆ ಹತ್ತಿರ ಹತ್ತಿರ 24 ಲೀಟರ್. ಸಂಪ್ ಆರು ಚದರ ಅಡಿ, ಅಲ್ಲಿ ಒಂದು ಇಂಚಿಗೆ 14 ಲೀಟರ್. ರಿಟರ್ನ್ ಬಾಯಿ ಎರಡು ಇಂಚು ಕೆಳಗಿದೆ. ಪೈಪು, ಓವರ್‌ಫ್ಲೋ ಪೆಟ್ಟಿಗೆ ಸೇರಿಸಿದರೆ ಸುಮಾರು 60 ಲೀಟರ್ ಬರಬಹುದು. ಸಂಪ್‌ನಲ್ಲಿ ನಾಲ್ಕೂ ಚಿಲ್ಲರೆ ಇಂಚು ಏರುತ್ತದೆ. ಮಾಮೂಲಿ ಮಟ್ಟ ಒಂಬತ್ತು ಇಂಚು, ಮೇಲೆ ಇನ್ನೂ ಒಂಬತ್ತು ಇಂಚು ಖಾಲಿ. ಹಾಗಾಗಿ ನಿಶ್ಚಿಂತೆ.

ಸೈಫನ್ ಮುರಿಯಲು ರಿಟರ್ನ್ ಪೈಪಿನಲ್ಲಿ, ನೀರಿನ ಮಟ್ಟಕ್ಕೆ ಸ್ವಲ್ಪ ಕೆಳಗೆ, ಚಿಕ್ಕ ತೂತು ಕೊರೆಯುವುದು ವಾಡಿಕೆ. ನಾನೂ ಕೊರೆದಿದ್ದೇನೆ, ಆದರೆ ಲೆಕ್ಕಕ್ಕೆ ಹಿಡಿದಿಲ್ಲ. ಪಾಚಿ ಕಟ್ಟಿದರೆ, ಬಸವನಹುಳು ಬಂದು ಕೂತರೆ ತೂತು ಮುಚ್ಚುತ್ತದೆ. ನೀರು ಹಿಂದಕ್ಕೆ ಬರದಂತೆ ತಡೆಯುವ ಚೆಕ್ ವಾಲ್ವ್ ಕೂಡ ಅಷ್ಟೇ. ಸುಣ್ಣ ಕಟ್ಟಿದರೆ ಅದು ಪೂರ್ತಿ ಮುಚ್ಚುವುದಿಲ್ಲ. ಇವೆರಡನ್ನೂ ನಂಬಿ ಸಂಪ್ ಚಿಕ್ಕದು ಮಾಡಬೇಡಿ.

ಇನ್ನೊಂದು ದಿಕ್ಕಿನ ಅಪಾಯವೂ ಇದೆ. ಇಳಿಯುವ ಪೈಪ್ ಕಟ್ಟಿಕೊಂಡು ಪಂಪ್ ಮಾತ್ರ ಓಡುತ್ತಿದ್ದರೆ? ಆಗ ರಿಟರ್ನ್ ಕೋಣೆಯ (ಸಂಪ್‌ನಲ್ಲಿ ಪಂಪ್ ಇರುವ ಭಾಗ) ನೀರೆಲ್ಲ ಮೇಲೆ ಹೋಗುತ್ತದೆ. ನನ್ನದು ಒಂದು ಅಡಿ, ಒಂದೂವರೆ ಅಡಿ ಕೋಣೆ, ನೀರು ಎಂಟು ಇಂಚು. ಅಂದರೆ 28 ಲೀಟರ್. ಮೇಲಿನ ಟ್ಯಾಂಕಿನಲ್ಲಿ ಅದು ಒಂದೂಕಾಲು ಇಂಚಿನೊಳಗೇ ಇರುತ್ತದೆ. ಅಷ್ಟು ಜಾಗವನ್ನು ಮೇಲೆ ಖಾಲಿ ಬಿಟ್ಟಿದ್ದೇನೆ.

ಈ ಚಿಕ್ಕ ಕೋಣೆಗೆ ಬೇಸಿಗೆಯಲ್ಲಿ ಬೆಲೆ ತೆರಬೇಕು. ಆವಿಯಾದ ನೀರಿನ ಕೊರತೆ ಕಾಣುವುದು ರಿಟರ್ನ್ ಕೋಣೆಯಲ್ಲಿ ಮಾತ್ರ. ಏಪ್ರಿಲ್‌ನಲ್ಲಿ ಫ್ಯಾನ್ ಹಚ್ಚಿದಾಗ ದಿನಕ್ಕೆ ಏಳು ಲೀಟರ್ ಹೋದರೆ ಅಲ್ಲಿ ಎರಡು ಇಂಚು ಇಳಿಯಿತು ಅಂತಲೇ ಲೆಕ್ಕ. ಹೀಗೇ ಬಿಟ್ಟರೆ ಪಂಪ್ ಗಾಳಿ ಎಳೆಯುತ್ತದೆ. ಆದ್ದರಿಂದ ತಾನಾಗಿ ಆರ್‌ಒ ನೀರು ತುಂಬುವ ವ್ಯವಸ್ಥೆ ಬೇಕೇ ಬೇಕು. ಅದರ ನೀರಿಗೆ ನಾನು ಇಟ್ಟಿರುವುದು 20 ಲೀಟರ್‌ನ ಮಾಮೂಲಿ ನೀರಿನ ಕ್ಯಾನ್. ಸೆನ್ಸರ್ ಕೈಕೊಟ್ಟು ಪೂರ್ತಿ ಕ್ಯಾನ್ ಸುರಿದರೂ, 600 ಲೀಟರ್ ನೀರಿನಲ್ಲಿ ಉಪ್ಪಿನಂಶ ಸಾವಿರಕ್ಕೆ 35ರಿಂದ 34ರ ಹತ್ತಿರ ಬರುತ್ತದೆ, ಅಷ್ಟೇ. ಆರ್‌ಒ ಪೈಪನ್ನೇ ನೇರವಾಗಿ ಸಂಪ್‌ಗೆ ಕೊಡುವವರ ಧೈರ್ಯ ನನಗಿಲ್ಲ.

ನೀರು ಇಳಿಯುವ ಪೈಪುಗಳಿಗೆ ಬೀನ್‌ಅನಿಮಲ್ ಎಂಬ ಮೂರು ಪೈಪಿನ ಪದ್ಧತಿ. ಒಂದು ಪೈಪ್ ಪೂರ್ತಿ ಸೈಫನ್ (ಗಾಳಿಯಿಲ್ಲದೆ ನೀರು ತುಂಬಿ ಹರಿಯುವುದು), ಅದಕ್ಕೆ ವಾಲ್ವ್. ಎರಡನೆಯದರಲ್ಲಿ ಸಣ್ಣ ಎಳೆಯಷ್ಟು ನೀರು. ಮೂರನೆಯದು ಒಣಗಿ ನಿಂತಿರುತ್ತದೆ, ಮೊದಲಿನದು ಕಟ್ಟಿಕೊಂಡರೆ ಅದೇ ಗತಿ. ಹಾಲ್‌ನಲ್ಲಿ ಕೂತರೆ ಸದ್ದೇ ಕೇಳುವುದಿಲ್ಲ. ಕರೆಂಟ್ ಬಂದಾಗ ಒಂದೆರಡು ನಿಮಿಷ ಗಳಗಳ ಅನ್ನುತ್ತದೆ, ಪೈಪಿನ ಗಾಳಿ ಹೊರಗೆ ಹೋದ ಮೇಲೆ ಸುಮ್ಮನಾಗುತ್ತದೆ. ಆದರೆ ಸೈಫನ್ ಪೈಪಿನ ತುದಿ ಸಂಪ್ ನೀರಿನಲ್ಲಿ ಒಂದಿಂಚಷ್ಟೇ ಮುಳುಗಿರಬೇಕು. ಆಳಕ್ಕೆ ಬಿಟ್ಟರೆ ಗಾಳಿ ಹೊರಬರಲು ಒದ್ದಾಡುತ್ತದೆ. ವಾಲ್ವ್‌ಗಾಗಿ ಎಸ್‌.ಜೆ.ಪಿ. ರಸ್ತೆ ಸುತ್ತಿದರೆ ಮೊದಲು ಕೈಗೆ ಕೊಡುವುದು ಹಿತ್ತಾಳೆಯ ಗೇಟ್ ವಾಲ್ವ್. ಬೇಡ. ಹಿತ್ತಾಳೆಯಲ್ಲಿ ತಾಮ್ರ ಇರುತ್ತದೆ, ಹವಳಕ್ಕೂ ಸೀಗಡಿಗೂ ಅದು ವಿಷ. ಪಿವಿಸಿ ಗೇಟ್ ವಾಲ್ವ್ ಹುಡುಕಿ. ಸಿಗದಿದ್ದರೆ ಪ್ಲಾಸ್ಟಿಕ್ ಬಾಲ್ ವಾಲ್ವ್ ಸಾಕು, ಆದರೆ ಕೂದಲೆಳೆಯಷ್ಟು ತಿರುಗಿಸುವ ತಾಳ್ಮೆ ಬೇಕು.

ಸಂಪ್ ಒಳಗಿನ ಅಡ್ಡಗೋಡೆಗಳಿಗೆ 6 ಮಿ.ಮೀ. ಗಾಜು, ಹೊರಗೋಡೆಗಳಿಗೆ 8. ಗಾಜಿನ ಪೆಟ್ಟಿಗೆಯಲ್ಲಿ ಅಕ್ರಿಲಿಕ್ ಅಡ್ಡಗೋಡೆ ಹಾಕಿ ಅನ್ನುವವರು ಸಿಗುತ್ತಾರೆ. ಅಕ್ರಿಲಿಕ್ ನೀರು ಕುಡಿದು ಬಾಗುತ್ತದೆ, ಸಿಲಿಕೋನ್ ಅದಕ್ಕೆ ಸರಿಯಾಗಿ ಹಿಡಿಯುವುದೂ ಇಲ್ಲ. ಬಾತ್‌ರೂಮಿಗೆ ಬಳಸುವ, ಬೂಷ್ಟು ತಡೆಯುವ ಸಿಲಿಕೋನ್ ಕೂಡ ಬೇಡ. ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವ ಸಾಧನ) ಕೋಣೆಯ ಮಟ್ಟವನ್ನು ಮಾತ್ರ ಅಡ್ಡಗೋಡೆಯಿಂದ ಗಟ್ಟಿ ಮಾಡಿಕೊಳ್ಳಿ. ನೀರು ಒಂದಿಂಚು ಹೆಚ್ಚುಕಮ್ಮಿ ಆದರೂ ಸ್ಕಿಮ್ಮರ್ ಮುನಿಸಿಕೊಳ್ಳುತ್ತದೆ. ಪಾಚಿ ಕೋಣೆಯಲ್ಲಿ ಕೀಟೋ ಎಂಬ ಪಾಚಿ ಇದೆ, ರಾತ್ರಿ ದೀಪ, ಚೆನ್ನಾಗಿ ಬೆಳೆಯುತ್ತದೆ. ಹೇಳಲು ಅಷ್ಟೇ ಇರುವುದು. ಅಂದ ಹಾಗೆ, ಮೇಲೆ ಇರುವುದೆಲ್ಲ ಮೃದು ಹವಳ. ಕಲ್ಲು ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪಟ್ಟಿಯಲ್ಲಿವೆ, ಅವುಗಳ ತಂಟೆಗೆ ಹೋಗಿಲ್ಲ.

ಇನ್‌ವರ್ಟರ್‌ಗೆ ರಿಟರ್ನ್ ಪಂಪ್ ಕೊಟ್ಟಿಲ್ಲ. ಮೇಲಿನ ಟ್ಯಾಂಕಿನ ಒಂದು ಚಿಕ್ಕ ವೇವ್‌ಮೇಕರ್ (ಅಲೆ ಎಬ್ಬಿಸುವ ಪಂಪ್) ಕೊಟ್ಟಿದ್ದೇನೆ. ನೀರಿನ ಮೇಲ್ಮೈ ಅಲುಗಾಡಿದರೆ ಮೀನಿಗೆ ಆಮ್ಲಜನಕ ಸಿಗುತ್ತದೆ, ಬ್ಯಾಟರಿಯೂ ಬಾಳುತ್ತದೆ. ಸಂಪ್ ನಿಂತರೆ ನಿಲ್ಲಲಿ, ಅದನ್ನು ಕಟ್ಟಿದ್ದೇ ಹಾಗೆ ಅಲ್ವಾ?

ಬೇಜಾರಿನ ವಿಷಯಗಳೂ ಇವೆ. ಗುಳ್ಳೆ ತಡೆಯುವ ಅಡ್ಡಗೋಡೆಗಳ ನಡುವೆ ಒಂದಿಂಚು ಸಂದು. ಅಲ್ಲಿ ಕೈ ಹೋಗುವುದಿಲ್ಲ, ಬಾಟಲಿ ತೊಳೆಯುವ ಬ್ರಷ್ಷೇ ಗತಿ. 200 ಮೈಕ್ರಾನ್ ಫಿಲ್ಟರ್ ಚೀಲ ಮೂರ್ನಾಲ್ಕು ದಿನಕ್ಕೆ ಕಟ್ಟಿಕೊಳ್ಳುತ್ತದೆ. ಅದನ್ನು ವಾಷಿಂಗ್ ಮೆಷಿನ್‌ಗೆ ಹಾಕುವಂತಿಲ್ಲ ಎಂದು ಮನೆಯಲ್ಲಿ ಕಟ್ಟಪ್ಪಣೆಯಾಗಿದೆ. ಸೋಪಿನ ಅಂಶ ಸಂಪ್‌ಗೆ ಬರಬಾರದು, ಹಾಗಾಗಿ ನಾನೂ ಎದುರಾಡಿಲ್ಲ.

ನಾಲ್ಕು ಅಡಿಗಿಂತ ಚಿಕ್ಕ ಟ್ಯಾಂಕ್ ಇದ್ದರೆ ಇಷ್ಟೆಲ್ಲ ಸಾಹಸ ಬೇಡ, ರೆಡಿಮೇಡ್ ತಗೊಳ್ಳಿ. ದೊಡ್ಡದಿದ್ದರೆ ಮಾಡಿಕೊಳ್ಳಿ, ಆದರೆ ಗಾಜು ಕತ್ತರಿಸುವ ಮೊದಲು ಸ್ಟ್ಯಾಂಡಿನ ಬಾಗಿಲ ಅಳತೆ ತೆಗೆಯಿರಿ. ಸಂಪ್ ಒಳಗೆ ಹೋಗಬೇಕು. ಆಮೇಲೆ ಸ್ಕಿಮ್ಮರ್‌ನ ಕಪ್ ಮೇಲೆತ್ತಿ ತೆಗೆಯುವಷ್ಟು ಜಾಗವೂ ಉಳಿಯಬೇಕು.