‘ಪೀಪಲ್ ಈಸ್’ ಬಿಡಿಸಿದ ಸ್ಪೋಕನ್ ಇಂಗ್ಲಿಷ್ ಕ್ಲಾಸು

ಹುಬ್ಬಳ್ಳಿ ವಿದ್ಯಾನಗರದಲ್ಲಿ ಜೆರಾಕ್ಸ್ ಅಂಗಡಿಯ ಮೇಲೊಂದು ಸಣ್ಣ ಕೋಣೆ. ಎರಡು ತಿಂಗಳಿಗೆ 3,000 ರೂಪಾಯಿ. ದುರ್ಗದ ಬೈಲಿನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನಾನು 42ನೇ ವಯಸ್ಸಿನಲ್ಲಿ ಸೇರಿದೆ.

ಮೊದಲ ದಿನವೇ ‘ಪೀಪಲ್ ಈಸ್ ವೇಟಿಂಗ್’ ಅಂದೆ. ಮೇಡಂ ನಗಲಿಲ್ಲ. ‘ಮಂದಿ ಭಾಳ ಐತಿ ಅಂತೀರಲ್ಲ, ಅದೇ ಇಲ್ಲೂ ಬಂದಿದೆ’ ಅಂದರು. ನಮ್ಮ ಮಂದಿ ಒಂದು ರಾಶಿ. ಇಂಗ್ಲಿಷಿನ ಪೀಪಲ್ ಬಹುವಚನ, ಅದಕ್ಕೇ ‘ಆರ್’. ಹಾಗಾದರೆ ‘ಪೀಪಲ್ಸ್’ ತಪ್ಪಾ? ಅಲ್ಲವಂತೆ. ಬೇರೆ ಬೇರೆ ಜನಾಂಗಗಳನ್ನು ಒಟ್ಟಿಗೆ ಹೇಳುವಾಗ ಸರಿ. ನಮ್ಮ ಸಂವಿಧಾನ ‘ವಿ, ದ ಪೀಪಲ್’ ಅಂತ ಶುರುವಾಗುತ್ತದೆ, 1945ರ ವಿಶ್ವಸಂಸ್ಥೆಯ ಸನ್ನದು ‘ವಿ ದ ಪೀಪಲ್ಸ್’ ಅಂತ. ಒಂದು ‘ಸ್’ಗೆ ಇಷ್ಟು ತೂಕ ಇದೆ ಅಂತ ಯಾರಿಗೆ ಗೊತ್ತಿತ್ತು! ‘ಪರ್ಸನ್ಸ್’ ಮಾತ್ರ ಲಿಫ್ಟಿನ ಬೋರ್ಡಿಗೆ, ಕಾನೂನಿನ ಕಾಗದಕ್ಕೆ ಇರಲಿ ಅಂದರು.

ಬೇಸರವೂ ಇದೆ. 15 ಜನರ ಬ್ಯಾಚ್ ಅಂದವರು 28 ಮಂದಿಯನ್ನು ತುಂಬಿದರು. ಒಂದೇ ಫ್ಯಾನು. ನನ್ನ ಸರದಿ ಬರುವಷ್ಟರಲ್ಲಿ ಕ್ಲಾಸೇ ಮುಗಿದಿರುತ್ತಿತ್ತು. ನೋಟ್ಸಿಗೆ ಬೇರೆ 200 ರೂಪಾಯಿ. ಬೆಳಗಿನ ಏಳರ ಬ್ಯಾಚ್ ಸಿಕ್ಕರೆ ಸೇರಿ, ಜನ ಕಡಿಮೆ. ಸಂಜೆಯದು ಬೇಡ.