ಕೀ ನನ್ನ ಜೇಬಲ್ಲಿತ್ತು, ಗಾಡಿ ಸ್ಟಾರ್ಟ್ ಆಗಿತ್ತು: ಯೆಜ್ಡಿಗೆ ಸಿಡಿಐ ಹಾಕಿಸಿ ಮೂರು ವರ್ಷ

ಗಾಡಿ 1976ರ ಯೆಜ್ಡಿ 250. ಅಪ್ಪನದು. ನಾವು ಮೈಸೂರಿನವರು, ಅಂದರೆ ಈ ಗಾಡಿ ಹುಟ್ಟಿದ ಊರಿನವರೇ. ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿ 1996ರಲ್ಲಿ ಮುಚ್ಚಿತು. ಆದರೆ ಅಲ್ಲಿ ಕೆಲಸ ಮಾಡಿದವರು ಇವತ್ತಿಗೂ ಊರಲ್ಲಿ ಅಲ್ಲಲ್ಲಿ ಸ್ಪ್ಯಾನರ್ ಹಿಡಿದು ಕೂತಿದ್ದಾರೆ. ನಮ್ಮ ಮೆಕ್ಯಾನಿಕ್ ಕೂಡ ಅಂಥವರೇ. ನನ್ನ ಓಡಾಟ ವಾರಕ್ಕೆ ಎರಡು ಮೂರು ದಿನ ನಂಜನಗೂಡಿಗೆ, ಮಿಕ್ಕ ದಿನ ಊರೊಳಗೆ. ಸಿಡಿಐ ಅಂದರೆ ಹಳೇ ಸಿಬಿ ಪಾಯಿಂಟ್ ಬದಲಿಗೆ ಪ್ಲಗ್ಗಿಗೆ ಕಿಡಿ ಕೊಡುವ ಎಲೆಕ್ಟ್ರಾನಿಕ್ ವ್ಯವಸ್ಥೆ. ಅದರ ಕಿಟ್ ಹಾಕಿಸಿದ ಮೇಲೆ 16 ಸಾವಿರ ಕಿಲೋಮೀಟರ್ ಆಗಿದೆ. ಕಂಪನಿ ಹೆಸರು ಬರೆಯುವುದಿಲ್ಲ. ಇದರಲ್ಲಿ ಬೈಗುಳ ಸ್ವಲ್ಪ ಇದೆ, ಅದು ಬೇರೆ ಕಿಟ್‌ಗಳಿಗೂ ಅನ್ವಯಿಸಬಹುದು.

ಸಿಬಿ ಪಾಯಿಂಟ್ ಕಾಲದ ಕಥೆ ಮೊದಲು ಹೇಳಲೇಬೇಕು. ಪಾಯಿಂಟ್ ಅಂದರೆ ಇಂಜಿನ್ ತಿರುಗಿದ ಹಾಗೆ ತೆರೆದು ಮುಚ್ಚುವ ಪುಟ್ಟ ಸ್ವಿಚ್. ನಮ್ಮನೆಯಲ್ಲಿ ತಿಂಗಳಿಗೊಂದು ಭಾನುವಾರ ಅದಕ್ಕೇ ಮೀಸಲು. ತಿಂಡಿ ಆದಮೇಲೆ ಅಪ್ಪ ಬಲಗಡೆ ಡೈನಮೋ ಕವರ್ ಬಿಚ್ಚುತ್ತಿದ್ದರು. ಹಳೇ ಪೋಸ್ಟ್ ಕಾರ್ಡ್ ಒಂದನ್ನು ಉದ್ದಕ್ಕೆ ಕತ್ತರಿಸಿ ಪಾಯಿಂಟ್ ಮಧ್ಯೆ ಎಳೆದರೆ ಕಪ್ಪು ಗೆರೆ ಬೀಳುತ್ತಿತ್ತು, ಗೆರೆ ಬೀಳದ ತನಕ ಎಳೆಯುತ್ತಲೇ ಇರಬೇಕು. ಗ್ಯಾಪ್ 0.4 ಮಿಲಿಮೀಟರ್. ಗ್ಯಾಪ್ ಅಳೆಯುವ ಫೀಲರ್ ಗೇಜ್ ಎಲ್ಲಿ ಇಟ್ಟಿದ್ದೀವಿ ಅಂತ ಯಾವತ್ತೂ ನೆನಪಿರುತ್ತಿರಲಿಲ್ಲ, ಅದಕ್ಕೆ ನಾಲ್ಕು ಶೇವಿಂಗ್ ಬ್ಲೇಡ್ ಜೋಡಿಸಿ ತೂರಿಸುತ್ತಿದ್ದರು. ಒಂದು ಬ್ಲೇಡ್ 0.1, ಲೆಕ್ಕ ಸರಿಯಾಗಿಯೇ ಇದೆ. ಆಮೇಲೆ ಟೈಮಿಂಗ್, ಅಂದರೆ ಕಿಡಿ ಯಾವಾಗ ಹಾರಬೇಕು ಅನ್ನುವುದು. ಪ್ಲಗ್ ತೆಗೆದು, ತೂತಿನಲ್ಲಿ ವರ್ನಿಯರ್‌ನ ಕಡ್ಡಿ ಇಳಿಸಿ, ಪಿಸ್ಟನ್ ಮೇಲಿನ ತುದಿಗೆ ಇನ್ನೂ ಸುಮಾರು 3 ಮಿಲಿಮೀಟರ್ ಇದೆ ಅನ್ನುವಾಗ ನಿಲ್ಲಿಸಬೇಕು. ಪಾಯಿಂಟ್ ಮಧ್ಯೆ ಸಿಗರೇಟು ಪ್ಯಾಕಿನ ತೆಳು ಕಾಗದ ಸಿಕ್ಕಿಸಿ ಹಗುರವಾಗಿ ಎಳೆಯುತ್ತಾ ಇರಬೇಕು. ಕಾಗದ ಯಾವ ಕ್ಷಣ ಜಾರಿತೋ ಅದೇ ಪಾಯಿಂಟ್ ತೆರೆದ ಕ್ಷಣ, ಅದೇ ಕಿಡಿ ಹಾರುವ ಕ್ಷಣ. ಅಪ್ಪ ಸಿಗರೇಟು ಸೇದುವವರಲ್ಲ, ಆದರೂ ಟೂಲ್ ಬಾಕ್ಸಿನಲ್ಲಿ ಆ ಕಾಗದ ಇರುತ್ತಿತ್ತು. ಅಮ್ಮನಿಗೆ ಇದನ್ನು ನಂಬಿಸುವುದಕ್ಕೆ ವರ್ಷಗಳೇ ಬೇಕಾದವು.

ಇಷ್ಟು ಚೆನ್ನಾಗಿದ್ದರೆ ಯಾಕೆ ಬದಲಾಯಿಸಿದೆ ಅಂತೀರಾ? ಕಂಡೆನ್ಸರ್, ಪಾಯಿಂಟ್ ಸುಡದ ಹಾಗೆ ಕಾಯುವ ಪುಟ್ಟ ಭಾಗ. ಈಗ ಅಂಗಡಿಯಲ್ಲಿ ಸಿಗುವ ಕಂಡೆನ್ಸರ್‌ಗಳಲ್ಲಿ ಒಂದು 2 ಸಾವಿರ ಕಿಲೋಮೀಟರ್ ಬಂದರೆ ಇನ್ನೊಂದು ಮನೆ ಗೇಟ್ ದಾಟಲ್ಲ. ಒಂದೇ ವರ್ಷದಲ್ಲಿ ಐದು ಹಾಕಿದೆ. ಜೊತೆಗೆ 6 ವೋಲ್ಟ್ ಬ್ಯಾಟರಿ ಇಳಿದರೆ ಕಿಡಿಯೂ ಇಳಿಯುತ್ತದೆ, ರಾತ್ರಿ ಸಿಗ್ನಲ್‌ನಲ್ಲಿ ನಿಂತರೆ ಹೆಡ್‌ಲೈಟ್ ಬೆಂಕಿಕಡ್ಡಿ ಥರ ಆಗುತ್ತದೆ. ಪಾಯಿಂಟ್‌ನ ಫೈಬರ್ ಹಿಮ್ಮಡಿ ಸವೆದ ಹಾಗೆ ಗ್ಯಾಪ್ ಕಮ್ಮಿಯಾಗಿ ಟೈಮಿಂಗ್ ಹಿಂದೆ ಬೀಳುತ್ತದೆ, ಗಾಡಿ ಮಂಕಾಗುತ್ತದೆ, ಅದು ದಿನಾ ಒಂಚೂರು ಆಗೋದರಿಂದ ನಮಗೆ ಗೊತ್ತೇ ಆಗಲ್ಲ.

ಹಾಗಾಗಿ 13,500 ರೂಪಾಯಿ ಕೊಟ್ಟು ಕಿಟ್ ತರಿಸಿದೆ. ನನ್ನ ಸಂಬಳಕ್ಕೆ ಇದು ಸಣ್ಣ ಮೊತ್ತ ಅಲ್ಲ. ಮ್ಯಾಗ್ನೆಟ್, ಕಾಯಿಲ್ ಪ್ಲೇಟ್, ಸಿಡಿಐ, ರೆಗ್ಯುಲೇಟರ್ ಬಂತು. ಬಲ್ಬು, ಹಾರ್ನ್, 12 ವೋಲ್ಟ್ ಬ್ಯಾಟರಿ ನಮ್ಮ ಖರ್ಚು, ಅದಕ್ಕೆ ಬೇರೆ 2 ಸಾವಿರ ಚಿಲ್ಲರೆ. ಹಳೇ ಆರ್ಮೇಚರ್, ಅಂದರೆ ಡೈನಮೋದ ತಿರುಗುವ ಭಾಗ, ಕ್ರ್ಯಾಂಕ್ ಬಿಟ್ಟು ಬರಲ್ಲ ಅಂತ ಹಠ ಹಿಡಿದಿತ್ತು. ಪುಲ್ಲರ್ ಬೋಲ್ಟ್ ಬಿಗಿ ಮಾಡಿ, ಟೀ ಕುಡಿದು ಬರುವಷ್ಟರಲ್ಲಿ ತಾನಾಗಿಯೇ ಟಕ್ ಅಂತ ಬಿಟ್ಟುಕೊಂಡಿತು.

ಮೊದಲ ದಿನ ಹೇಳುತ್ತೇನೆ ಕೇಳಿ. ಪೆಟ್ರೋಲ್ ಟ್ಯಾಪ್ ತೆಗೆದೆ. ಕಾರ್ಬುರೇಟರ್‌ನ ಟಿಕ್ಲರ್ ಒತ್ತಿದೆ, ಬೆರಳಿಗೆ ಪೆಟ್ರೋಲ್ ಹತ್ತುವ ತನಕ. ಗೇರ್ ಲಿವರ್ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದೆ. ಗೊತ್ತಿಲ್ಲದವರಿಗೆ ಹೇಳುವುದಾದರೆ ಇದರಲ್ಲಿ ಕಿಕ್ಕರೂ ಗೇರ್ ಲಿವರೂ ಒಂದೇ. ಅರ್ಧ ಕಿಕ್. ಅಷ್ಟೇ! ಪೂರ್ತಿ ತುಳಿಯುವ ಮೊದಲೇ ಹತ್ತಿಕೊಂಡಿತು. ರಾಮಸ್ವಾಮಿ ಸರ್ಕಲ್ ಸಿಗ್ನಲ್‌ನಲ್ಲಿ ಆಕ್ಸಿಲರೇಟರ್ ಮುಟ್ಟದೆ ಕೈ ಕಟ್ಟಿಕೊಂಡು ಕೂತೆ. ಟಪ್ ಟಪ್ ಟಪ್ ಅಂತ ತಾಳ ತಪ್ಪದೆ ಬಡಿದುಕೊಳ್ಳುತ್ತಿತ್ತು. ಪಕ್ಕದ ಸ್ಕೂಟರಿನವರು ಹೊಗೆಗೆ ಮುಖ ತಿರುಗಿಸಿದರು, ಅದು ಬೇರೆ ವಿಷಯ. ಎರಡು ಸೈಲೆನ್ಸರ್ ಇರುವ ಗಾಡಿ, ಏನ್ ಮಾಡೋಕಾಗುತ್ತೆ.

ಮೂರನೇ ತಿಂಗಳಲ್ಲಿ 50ರ ಸ್ಪೀಡಿಗೆ ಪಟಪಟ ಅಂತ ಮಿಸ್ ಹೊಡೆಯಲು ಶುರುವಾಯಿತು. ಸಿಡಿಐ ಹೋಯ್ತು ಅಂತ ಎದೆ ಒಡೆದುಕೊಂಡೆ. ಕೊನೆಗೆ ನೋಡಿದರೆ ತಪ್ಪು ನನ್ನದೇ, ಹಳೇ ತಗಡಿನ ಪ್ಲಗ್ ಕ್ಯಾಪನ್ನೇ ಉಳಿಸಿಕೊಂಡಿದ್ದೆ. ಇಂಥ ಕಿಟ್‌ಗೆ 5 ಕಿಲೋ ಓಮ್ ರೆಸಿಸ್ಟರ್ ಇರುವ ಕ್ಯಾಪ್ ಬೇಕು, ಇಲ್ಲದಿದ್ದರೆ ಕಿಡಿಯ ಗದ್ದಲಕ್ಕೆ ಸಿಡಿಐ ತಬ್ಬಿಬ್ಬಾಗುತ್ತದೆ. ಕ್ಯಾಪ್ ಬದಲಾಯಿಸಿದೆ, ಮುಗಿಯಿತು.

ಈಗ ಕೀ ವಿಷಯ. ಇದೇ ನನ್ನ ಹೊಟ್ಟೆಯುರಿ.

ಹಳೇ ವ್ಯವಸ್ಥೆಯಲ್ಲಿ ಬ್ಯಾಟರಿಯಿಂದ ಕೀ ಮೂಲಕ ಕಾಯಿಲ್‌ಗೆ ಕರೆಂಟ್ ಹೋಗುತ್ತಿತ್ತು. ಕೀ ತೆಗೆದರೆ ಕರೆಂಟ್ ಕಟ್, ಇಂಜಿನ್ ನಿಲ್ಲುತ್ತದೆ. ಹೊಸ ಕಿಟ್‌ನಲ್ಲಿ ಕಿಡಿಗೆ ಬೇಕಾದ ಕರೆಂಟನ್ನು ಮ್ಯಾಗ್ನೆಟ್ಟೇ ಹುಟ್ಟಿಸುತ್ತದೆ, ಬ್ಯಾಟರಿಯ ಹಂಗೇ ಇಲ್ಲ. ನಿಲ್ಲಿಸಬೇಕಾದರೆ ಕಿಲ್ ವೈರ್ ಅನ್ನುವ ಒಂದು ವೈರನ್ನು ಗಾಡಿಯ ಲೋಹದ ಮೈಗೆ ತಾಗಿಸಿ ಅರ್ತ್ ಮಾಡಬೇಕು. ಮೊದಲು ಆಫ್ ಅಂದರೆ ತಂತಿ ಬಿಡಿಸುವುದು, ಈಗ ಆಫ್ ಅಂದರೆ ತಂತಿ ಸೇರಿಸುವುದು. ನಮ್ಮ ಹಳೇ ಕೀ ಸ್ವಿಚ್‌ಗೆ ಈ ಉಲ್ಟಾ ಕೆಲಸ ಬರುವುದಿಲ್ಲ. ಇಷ್ಟು ದೊಡ್ಡ ವಿಷಯಕ್ಕೆ ಕಿಟ್ ಜೊತೆ ಬಂದ ಚೀಟಿಯಲ್ಲಿ ಒಂದೇ ಸಾಲು, ಅದೂ ಕೊನೆಯಲ್ಲಿ, ಕಿಲ್ ಬಟನ್ ಹಾಕಿಕೊಳ್ಳಿ ಅಂತ. ಕಂಪನಿಗೆ ಫೋನ್ ಮಾಡಿ ಕೇಳಿದರೆ, "ಎಲ್ರೂ ಹಂಗೇ ಓಡಿಸ್ತಾರೆ ಸಾರ್" ಅಂದರು.

ನಾನು ಜಾಣತನ ಮಾಡಿ ಒಂದು ರಿಲೇ, ಅಂದರೆ ಕರೆಂಟಿನಿಂದ ಕೆಲಸ ಮಾಡುವ ಸ್ವಿಚ್, ಹಾಕಿಸಿದೆ. ಕೀ ಆನ್ ಮಾಡಿದರೆ ಬ್ಯಾಟರಿ ಕರೆಂಟಿಗೆ ರಿಲೇ ಎಳೆದುಕೊಂಡು ಅರ್ತ್ ಬಿಡಿಸುತ್ತದೆ, ಆಫ್ ಮಾಡಿದರೆ ಅರ್ತ್ ಸೇರಿಸುತ್ತದೆ. ಒಂದು ವರ್ಷ ಕೀ ಮತ್ತೆ ಕೀ ಆಗಿತ್ತು. ಆಮೇಲೆ ಒಂದು ಸಂಜೆ ಗುಂಡ್ಲುಪೇಟೆ ದಾಟಿ ನಿಲ್ಲಿಸಿದೆ, ಮತ್ತೆ ಸ್ಟಾರ್ಟ್ ಆಗಲಿಲ್ಲ. ಕಿಕ್ ಹೊಡೆದೆ, ತಳ್ಳಿದೆ, ಪ್ಲಗ್ ಬಿಚ್ಚಿ ನೋಡಿದೆ, ಕಿಡಿಯೇ ಇಲ್ಲ. ಒಂದೂವರೆ ಗಂಟೆ ಹೀಗೇ ಹೋಯಿತು. ಕತ್ತಲಾದ ಮೇಲೆ ನಮ್ಮ ಮೆಕ್ಯಾನಿಕ್‌ಗೆ ಫೋನ್ ಹತ್ತಿತು.

"ಹಾರ್ನ್ ಹೊಡೀರಿ ನೋಡಣ."

"ಬರ್ತಿಲ್ಲ."

"ಬ್ಯಾಟ್ರಿ ಸತ್ತೈತೆ ಸ್ವಾಮಿ. ಆ ರಿಲೇ ವೈರ್ ಕಿತ್ತಾಕಿ ಕಿಕ್ ಮಾಡಿ."

ಕಿತ್ತೆ. ಎರಡನೇ ಕಿಕ್‌ಗೆ ಹತ್ತಿಕೊಂಡಿತು. ಬ್ಯಾಟರಿ ಬೇಡದ ಇಗ್ನಿಷನ್ ಅಂತ 13,500 ಕೊಟ್ಟು, ಅದಕ್ಕೆ ಬ್ಯಾಟರಿ ಬೇಕಾಗುವ ಹಾಗೆ ನಾನೇ ಕಟ್ಟಿಹಾಕಿದ್ದೆ. ಮನೆ ತನಕ ನನ್ನನ್ನು ನಾನೇ ಬೈದುಕೊಂಡು ಬಂದೆ.

ಆಮೇಲೆ ರಿಲೇ ವಾಪಸ್ ಹಾಕಲಿಲ್ಲ. ಹ್ಯಾಂಡಲ್ ಮೇಲೆ ಒಂದು ಬಟನ್, ಎರಡು ಸೆಕೆಂಡ್ ಒತ್ತಿ ಹಿಡಿದರೆ ಇಂಜಿನ್ ನಿಲ್ಲುತ್ತದೆ. ಕೀ ಬರೀ ಲೈಟಿಗೆ, ಹಾರ್ನಿಗೆ. ಇಂಥ ಹಳೇ ಗಾಡಿಯನ್ನು ಯಾರು ಬಂದು ಕಿಕ್ ಮಾಡುತ್ತಾರೆ ಅಂತ ಸುಮ್ಮನಿದ್ದೆ. ಕಳೆದ ತಿಂಗಳು ನಂಜನಗೂಡಿನ ಹೋಟೆಲಿನಲ್ಲಿ ಇಡ್ಲಿಗೆ ಚಟ್ನಿ ಹಾಕಿಸಿಕೊಳ್ಳುತ್ತಿದ್ದೆ. ಹೊರಗಡೆ ಟಪ್ ಟಪ್ ಟಪ್. ಜೇಬು ಮುಟ್ಟಿ ನೋಡಿದೆ, ಕೀ ಅಲ್ಲೇ ಇದೆ. ಎಂಜಲು ಕೈಯಲ್ಲೇ ಓಡಿದೆ. ಹದಿನಾಲ್ಕು ಹದಿನೈದು ವರ್ಷದ ಹುಡುಗ, ನನಗಿಂತ ಜಾಸ್ತಿ ಅವನೇ ಹೆದರಿದ್ದ.

"ಅಣ್ಣಾ, ನಮ್ ತಾತಂದೂ ಇತ್ತು. ಸುಮ್ನೆ ಕಿಕ್ ಮಾಡ್ದೆ, ಸ್ಟಾರ್ಟ್ ಆಗೋಯ್ತು."

ಅವನಿಗೆ ನಿಲ್ಲಿಸಲು ಗೊತ್ತಾಗಿರಲಿಲ್ಲ, ಕೀ ತೂತಿನಲ್ಲಿ ಬೆರಳಾಡಿಸುತ್ತಿದ್ದ. ನಗುವುದೋ ಬಯ್ಯುವುದೋ ಗೊತ್ತಾಗದೆ ಬಟನ್ ತೋರಿಸಿ, "ಒತ್ತು" ಅಂದೆ. ಈ ಹಳೇ ಗಾಡಿಗಳು ಕೀ ಬದಲು ಮೊಳೆ ಹಾಕಿದರೂ ಸ್ಟಾರ್ಟ್ ಆಗುತ್ತವೆ ಅಂತ ಆಗಿನವರು ತಮಾಷೆ ಮಾಡುತ್ತಿದ್ದರು. ಈಗ ಮೊಳೆಯೂ ಬೇಡ.

ಮಾರನೇ ದಿನ ಕಿಲ್ ವೈರಿನಿಂದ ಇನ್ನೊಂದು ವೈರ್ ಎಳೆಸಿ ಟೂಲ್ ಬಾಕ್ಸಿನೊಳಗೆ 40 ರೂಪಾಯಿಯ ಟಾಗಲ್ ಸ್ವಿಚ್ ಹಾಕಿಸಿದೆ. ಸ್ವಿಚ್ ಕೆಳಕ್ಕಿದ್ದರೆ ವೈರ್ ಅರ್ತ್ ಆಗಿಯೇ ಇರುತ್ತದೆ, ಕಿಡಿ ಬರಲ್ಲ. ಆ ಬಾಕ್ಸಿಗೆ ಬೀಗ ಇದೆ. ಈಗಿನ ಕ್ರಮ ಹೀಗೆ: ಬಟನ್ ಒತ್ತು, ಇಂಜಿನ್ ನಿಲ್ಲಲಿ, ಪೆಟ್ರೋಲ್ ಬಂದ್ ಮಾಡು, ಬಾಕ್ಸ್ ತೆಗಿ, ಸ್ವಿಚ್ ಕೆಳಕ್ಕೆ ಹಾಕು, ಬೀಗ ಹಾಕು. ಬ್ಯಾಟರಿ ಸತ್ತರೂ ತೊಂದರೆಯಿಲ್ಲ. ಬೇಕಾದರೆ ಈಗಿನ ಗಾಡಿಗಳ ಕೀ ಸ್ವಿಚ್, ಆಫ್ ಆದಾಗ ಅರ್ತ್ ಕೊಡುವಂಥದ್ದು, ಹಾಕಿಸಬಹುದು. ಆದರೆ ಹೆಡ್‌ಲೈಟ್ ಡೂಮ್ ಕೊರೆಯಬೇಕು, ಅದಕ್ಕೆ ನನಗೆ ಮನಸ್ಸಿಲ್ಲ.

ಜುಲೈ ಎರಡನೇ ಭಾನುವಾರ ಜಾವಾ, ಯೆಜ್ಡಿ ಸವಾರರೆಲ್ಲ ಸೇರುವ ಜಾವಾ ದಿನಕ್ಕೆ ಹೋದರೆ ಒರಿಜಿನಲ್ ತೆಗೆದು ಇದನ್ನು ಹಾಕಿದ್ದೀರಾ ಅಂತ ಮೂಗು ಮುರಿಯುವವರು ಇದ್ದೇ ಇರುತ್ತಾರೆ. ಅವರಲ್ಲಿ ಅರ್ಧ ಜನ ಗಾಡಿಯನ್ನು ಟೆಂಪೋದಲ್ಲಿ ತಂದಿರುತ್ತಾರೆ. ವರ್ಷಕ್ಕೆ 500 ಕಿಲೋಮೀಟರ್ ಓಡಿಸುವವರಿಗೆ ಈ ಖರ್ಚು ದಂಡ, ಪಾಯಿಂಟೇ ಸಾಕು. ನನ್ನ ಹಾಗೆ ದಿನಾ ಓಡಿಸುವವರು ತಗೊಳ್ಳಿ, ಆದರೆ ದುಡ್ಡು ಕೊಡುವ ಮೊದಲು ಕಿಲ್ ವೈರ್ ಎಲ್ಲಿಗೆ ಹೋಗುತ್ತದೆ ಅಂತ ಕೇಳಿ. ಹಳೇ ಡೈನಮೋ, ಪಾಯಿಂಟ್ ಪ್ಲೇಟ್ ಗುಜರಿಗೆ ಹಾಕಬೇಡಿ. ನಮ್ಮದು ಎಣ್ಣೆ ಸವರಿ ಬಿಸ್ಕೆಟ್ ಡಬ್ಬಿಯಲ್ಲಿ ಅಟ್ಟದ ಮೇಲಿದೆ, ಜೊತೆಗೆ ಅಪ್ಪನ ನಾಲ್ಕು ಬ್ಲೇಡ್.